ಕಾಲು ಸುತ್ತು

ಮೂರು ತಿಂಗಳಿಂದ ರಾತ್ರಿ ಎದ್ದು ಕೂತಿಲ್ಲ.
ಮೆಗ್ಗಾನಿನ ಹನ್ನೊಂದನೇ ಕೊಠಡಿಯಲ್ಲಿ ಅಷ್ಟೇ ಹೇಳಿದೆ,
ತಪ್ಪೊಪ್ಪಿಕೊಂಡವಳ ಹಾಗೆ.
ಡಾಕ್ಟರ್ ನಿಖತ್ ನನ್ನ ಪುಸ್ತಕ ತಿರುವಿದರು:
ಒಂದು ಮಗ್ಗುಲಿಗೆ ರಾಗಿ ಎಂಟು ಸೇರು, ಬಾಕಿ ಹದಿನೆಂಟು ರೂಪಾಯಿ,
ಇನ್ನೊಂದಕ್ಕೆ ಬೆಳಗಿನ ಊದು:
ಮುನ್ನೂರ ಹತ್ತು, ಮುನ್ನೂರ ನಲವತ್ತು, ಮುನ್ನೂರ ನಲವತ್ತು.

"ಹಾಲಮ್ಮ, ಸಂಜೆಯದು ಎರಡಿತ್ತಲ್ಲ, ಇನ್ನು ಒಂದು ಸಾಕು.
ಬೆಳಗಿನದು ಹಾಗೇ ಇರಲಿ.
ಬಿಡೋದಲ್ಲ ಇದು, ಇಳಿಸೋದು."

ಇಳಿಸೋದು ನನಗೆ ಹೇಳಿಕೊಡಬೇಕೆ?
ಇಪ್ಪತ್ತೆರಡು ವರ್ಷ ಸೀಗೆಹಟ್ಟಿಯಲ್ಲಿ ಗಿರಣಿ ನಡೆಸಿದವಳಿಗೆ?
ಕಲ್ಲು ಬಿಗಿಯಾದರೆ ಹಿಟ್ಟಿಗೆ ಸುಟ್ಟ ವಾಸನೆ,
ಸಡಿಲ ಬಿಟ್ಟರೆ ರವೆ ರವೆ, ರೊಟ್ಟಿ ಒಡೆಯುತ್ತದೆ.
ಚಕ್ರ ಕಾಲು ಸುತ್ತು ತಿರುಗಿಸು,
ಬೆರಳ ತುದಿಯಲ್ಲಿ ಹಿಟ್ಟು ಹೊಸಕಿ ನೋಡು,
ಆಮೇಲೆ ಇನ್ನೊಂದು ಕಾಲು.

ಆದರೂ ಆ ಸಂಜೆ
ಕಂದು ಪಂಪು ಕುಲುಕಿ,
ಚೊಂಬಿನ ಗಾತ್ರದ ಪ್ಲಾಸ್ಟಿಕ್ ಬುರುಡೆಗೆ ಬಾಯಿಟ್ಟು
ಒಂದು ಒತ್ತಿದೆ. ಉಸಿರು ಹಿಡಿದು ಹತ್ತು ಎಣಿಸಿದೆ.
ಬೆರಳು ಎರಡನೆಯದಕ್ಕೆ ತಾನೇ ಬಾಗಿತ್ತು,
ಗಿರಾಕಿ ಹೋದ ಮೇಲೂ ತಕ್ಕಡಿ ತೂಗಾಡುವ ಹಾಗೆ.
ಬಾಯಿ ಮುಕ್ಕಳಿಸಿ ಉಗುಳಿ ಮಲಗಿದೆ.
ಕಿವಿಯೆಲ್ಲ ಎದೆಯ ಮೇಲೆ.
ಸುಯ್ ಅಂತಾ? ಅಲ್ಲ, ಫ್ಯಾನು.

ಹನ್ನೆರಡು ದಿನ ಫ್ಯಾನೇ.
ಹದಿಮೂರನೆಯ ದಿನ ಮದುವೆಮನೆಯವರ
ನಾಲ್ಕು ಕೆಜಿ ಬ್ಯಾಡಗಿ ಮೆಣಸಿನಕಾಯಿ. ಹುಡುಗ ರಜಾ.
ಮುಖಕ್ಕೆ ಸೆರಗು ಬಿಗಿದು ಖಾರದ ಮಿಷನ್ನಿಗೆ ನಾನೇ ನಿಂತೆ.
ಸೆರಗಿಗೆ ಏನು ಗೊತ್ತು.
ರಾತ್ರಿ ಎರಡು ಗಂಟೆಗೆ ಮಂಚದ ತುದಿ,
ಮೊಣಕಾಲ ಮೇಲೆ ಕೈ,
ಎದೆಯೊಳಗೆ ಬೆಲ್ಟು ಜಾರಿದ ಮೋಟಾರು.
ನೀಲಿ ಪಂಪು. ಮತ್ತೆ ನೀಲಿ ಪಂಪು.
ಬೆಳಗಿನ ಊದು, ಇನ್ನೂರ ಮೂವತ್ತು.
ಬಾಕಿ ಬರೆಯುವ ಪೆನ್ನಿನಲ್ಲೇ ಬರೆದೆ.

ಬೈತಾರೆ ಅಂದುಕೊಂಡೇ ಹೋದೆ, ಅವತ್ತೇ.
"ಮತ್ತೆ ಎರಡು ಮಾಡೋಣ" ಅಂದರು ನಿಖತ್, ಪುಸ್ತಕದಿಂದ ಕಣ್ಣೆತ್ತದೆ.
"ಕೆಲವು ತಿಂಗಳು ನೋಡೋಣ. ಮೆಣಸಿನಕಾಯಿ ಬೇರೆ ಗಿರಣಿಗೆ ಕಳಿಸಿ."
ಬಾಗಿಲ ತನಕ ಹೋದವಳು ತಿರುಗಿ ಕೇಳಿದೆ,
ಇದು ಸೋತ ಹಾಗೆ ಅಲ್ಲವಾ?
ಅವರು ಮುಂದಿನ ಚೀಟಿ ಕೂಗುತ್ತಿದ್ದರು.
ಕೇಳಿಸಲಿಲ್ಲವೇನೋ.

ಗಿರಣಿಯ ಬೋರ್ಡಿನಲ್ಲಿ 'ಖಾರದ ಪುಡಿ'ಯ ಮೇಲೆ ಸುಣ್ಣ ಬಳಿದೆ.
ಅಡಿಯಿಂದ ಕೆಂಪಕ್ಷರ ಇನ್ನೂ ಇಣುಕುತ್ತದೆ.
ಒಳಗೆ ಬಂದು ಚಕ್ರವನ್ನು ಕಾಲು ಸುತ್ತು
ಹಿಂದಕ್ಕೆ ತಿರುಗಿಸಿ
ಯಾರದೋ ರಾಗಿ ಸುರಿದೆ.