ಲೈನ್ ಆರು

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ
ಒಂದು ಗಾರ್ಮೆಂಟ್ಸು.
ಅದರ ಮಕ್ಕಳ ಕೋಣೆಗೆ ನಾನು ಆಯಾ,
ಬರುವ ಶ್ರಾವಣಕ್ಕೆ ಹದಿನೇಳು ವರ್ಷ.

ಎಂಟೂವರೆಗೆ ದುದ್ದದ ಟೆಂಪೋ ಬಂದು ನಿಂತರೆ
ಕೆಲಸ ಶುರು:
ಒಂದೊಂದು ಸೆರಗಿನಿಂದ ಒಂದೊಂದು ಮುಷ್ಟಿಯನ್ನು
ಬೆರಳು ಬೆರಳಾಗಿ ಬಿಡಿಸುವುದು.
ಕಿರುಬೆರಳು ಮೊದಲು. ಹೆಬ್ಬೆರಳು ಕೊನೆಗೆ.
ಯಾರೂ ಹೇಳಿಕೊಟ್ಟದ್ದಲ್ಲ.
ಹಲಸಿನ ಅಂಟಿಗಾದರೆ ಎಣ್ಣೆಯಿದೆ.

ಕೆಲವು ಟೆಂಪೋ ಮರೆಯಾಗುವ ತನಕ ಅಳುತ್ತವೆ,
ಕೆಲವು ಬಾಳೆಹಣ್ಣು ಬರುವ ತನಕ.
ಒಂದು ಹುಡುಗಿ ಇತ್ತು, ಮಧ್ಯಾಹ್ನ ನಿದ್ದೆಯಿಂದ ಎದ್ದು
ಬೆಳಗಿನದನ್ನು ನಿಲ್ಲಿಸಿದ ಕಡೆಯಿಂದಲೇ ಶುರು ಮಾಡುತ್ತಿತ್ತು.

ರೂಪಕಲಾಳ ಮಗ ಮನ್ವಿತ ಅಳಲಿಲ್ಲ.
ಅಮ್ಮ ಬಾಗಿಲು ದಾಟಿದ್ದೇ
ನೆಟ್ಟಗೆ ಹೋಗಿ ಗೋಡೆಗೆ ಕಿವಿ ಕೊಟ್ಟು ಕೂತ.

ಗೋಡೆಯಾಚೆ ಲೈನ್ ಆರು.
ಅರವತ್ತು ಮೆಷಿನ್ನು, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ.
'ಅದು ನಮ್ಮಮ್ಮ' ಅಂದ.
ಯಾವುದೋ?
'ನಿಂತು ನಿಂತು ಓಡ್ತದಲ್ಲ, ಅದು.'
ಟೀ ಹೊತ್ತಿನಲ್ಲಿ ವಿಚಾರಿಸಿದೆ. ಅವಳದು ಕಾಲರಂತೆ.
ಮೂಲೆ ಬಂದಾಗ ನಿಲ್ಲಿಸಿ, ಬಟ್ಟೆ ತಿರುಗಿಸಿ, ಮತ್ತೆ ಓಡಿಸಬೇಕು.

ಅಲ್ಲೇ ಉಂಡ, ಅಲ್ಲೇ ಮಲಗಿದ.
ದೀಪಾವಳಿ ಬರುವಷ್ಟರಲ್ಲಿ ಸುಣ್ಣದ ಮೇಲೆ
ಎಣ್ಣೆಗಪ್ಪಿನ ಪುಟ್ಟ ಕಿವಿಯೊಂದು ಮೂಡಿತ್ತು.

ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆಗೆದರೂ
ಒಳಗಿನ ದೀಪ ಉರಿಯುತ್ತಲೇ ಇರುತ್ತದೆ ಅಂತಾರೆ.
ದೊಡ್ಡವರಿಗೆ ಆ ನಂಬಿಕೆ ಸುಲಭ.
ಇವರ ಬಾಗಿಲು ದಿನಾ ಮುಚ್ಚುತ್ತದೆ.

ಒಂದು ಗುರುವಾರ ಕರೆಂಟು ಹೋಯಿತು.
ಜನರೇಟರು ಹಿಡಿಯಲು ಹನ್ನೆರಡು ಎಣಿಸಬೇಕು,
ನಾನು ಎಣಿಸಿದ್ದೇನೆ.
ಹನ್ನೆರಡಾಯಿತು. ನಲವತ್ತಾಯಿತು.
ಗೋಡೆ ಬರೀ ಗೋಡೆಯಾಯಿತು.

ಅವನು ನನ್ನ ಕಡೆ ತಿರುಗಿ,
'ಆಯಾ, ಅಮ್ಮ ನಿಂತೋಯ್ತು.'
ಆಮೇಲೆ ಅತ್ತದ್ದು ಅಳುವಲ್ಲ.
ಬಾಯಿ ತೆರೆದೇ ಇತ್ತು, ದನಿ ಮಾತ್ರ
ದಾರಿ ತಪ್ಪಿ ಎಲ್ಲೋ ಕೆಳಗೆ ಉಳಿದಿತ್ತು.

ಏನು ತೋಚಿತೋ, ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ.
ಟಕ್ ಟಕ್.
ತುಸು ಹೊತ್ತಿಗೆ ಆಚೆಯಿಂದ, ಕತ್ತರಿಯ ಹಿಡಿಯೋ ಏನೋ,
ಟಕ್. ನಿಂತು, ಟಕ್ ಟಕ್.
ಅವನು ಉಸಿರು ಎಳೆದುಕೊಂಡ.

ಸಂಜೆ ಕೇಳಿದರೆ ರೂಪಕಲಾ,
'ನಾನಲ್ಲಕ್ಕ. ನಾನಾಗ ನೀರು ಕುಡಿಯೋಕೆ ಹೋಗಿದ್ದೆ.'
ಮತ್ಯಾರು ಅಂತ ಕೇಳುತ್ತಾ ಹೋಗಲಿಲ್ಲ.
ಆ ಲೈನಿನಲ್ಲಿ ಅರವತ್ತು ಜನ.
ಹುಡುಗನಿಗೂ ಹೇಳಲಿಲ್ಲ.

ನನ್ನ ಮಗಳು ಲಾವಣ್ಯ ಬೆಳೆದದ್ದೂ ಇದೇ ಕೋಣೆಯಲ್ಲಿ.
ನನ್ನ ಎರಡು ತೊಡೆಯ ಮೇಲೂ ಬೇರೆಯವರ ಮಕ್ಕಳು,
ಅವಳು ಬೆನ್ನಿಗೆ ಒರಗಿ ನಿಂತಿರುತ್ತಿದ್ದಳು.
ಎರಡೂವರೆ ವರ್ಷಕ್ಕೆ ಒಂದು ದಿನ
ಎಲ್ಲರ ಹಾಗೆ 'ಆಯಾ' ಅಂದಳು.
ಎಲ್ಲರೂ ನಕ್ಕರು, ನಾನೂ ನಕ್ಕೆ.
ರಾತ್ರಿ ಮನೆಯಲ್ಲಿ, ದೀಪ ಆರಿಸಿದ ಮೇಲೆ,
ಹಾಗೇ ಕರೆದಳು: ಆಯಾ, ನೀರು.
ಎದ್ದು ಕೊಟ್ಟೆ. ತಿದ್ದಲು ಬಾಯಿ ಬರಲಿಲ್ಲ.

ಈಗ ಚಿಕ್ಕಮಗಳೂರಿನಲ್ಲಿ ನರ್ಸಿಂಗು, ಹಾಸ್ಟೆಲ್ಲು.
ಒಂಬತ್ತಕ್ಕೆ ಫೋನು: 'ಊಟ ಆಯ್ತಾ, ಆಯಾ?'
ತಮಾಷೆಗೇ ಅನ್ನುತ್ತಾಳೆ, ಗೊತ್ತು.
ಅವಳು ಇಟ್ಟ ಮೇಲೂ
ಫೋನು ಸ್ವಲ್ಪ ಹೊತ್ತು ಕಿವಿಯಲ್ಲೇ ಇರುತ್ತದೆ.

ಐದೂವರೆಗೆ ಮೆಷಿನ್ನು ಒಟ್ಟಿಗೆ ನಿಲ್ಲುತ್ತವೆ.
ಅದೇ ಮೌನ.
ಆದರೆ ಮನ್ವಿತ ಈಗ ಹೆದರುವುದಿಲ್ಲ,
ಗೋಡೆ ಬಿಟ್ಟೆದ್ದು ಚಪ್ಪಲಿ ಹುಡುಕುತ್ತಾನೆ.
ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡು
ಬಾಗಿಲ ಬಳಿ ನಿಲ್ಲುತ್ತಾನೆ.
ನಾನು ಸರಿ ಮಾಡುವುದಿಲ್ಲ.
ಅವಳು ಬಂದು ಮಾಡಲಿ.