ಜಿಲ್ಲಕ್ಕನ ಪಟಾಕಿ

ಪಟಾಕಿ ಎಂದಳು, ನಾವು ಕಿವಿ ಮುಚ್ಚಿಕೊಂಡೆವು.
ದೀಪಾವಳಿ ಮುಗಿದು ಒಂದೂವರೆ ತಿಂಗಳು,
ಶಿಡ್ಲಘಟ್ಟದ ಚಳಿಗೆ ಬೀಡಿಯೂ ಸರಿಯಾಗಿ ಹತ್ತದ ಸಂಜೆ.

ನೂಲು ಬಿಚ್ಚಿದ ರಟ್ಟಿನ ಕೊಳವೆಗೆ ಕೆಂಪು ಕಾಗದ ಸುತ್ತಿ
ಎರಡೂ ತುದಿ ತಿರುಚಿದ್ದಳು, ದೊಡ್ಡ ಪೆಪ್ಪರಮೆಂಟಿನ ಹಾಗೆ.
ಕ್ರಿಸ್ಮಸ್ ಊಟಕ್ಕೆ ಮುಂಚೆ ಅವರ ಮನೆಯಲ್ಲಿ ಇದಂತೆ.
ಅವಳಮ್ಮ ಕಳಿಸಿದ ಸಿಡಿಪಟ್ಟಿ ಅಂಚೆಯಲ್ಲೇ ತಡೆದರಂತೆ;
ಒಳಗೆ ನಮ್ಮ ಆಟದ ಪಿಸ್ತೂಲಿನ ಕೇಪು.

"ಬೆಂಕಿ ಬೇಡ. ಎಳೆಯಬೇಕು. ಒಬ್ಬರೇ ಎಳೆದರೆ ಆಗದು."
ಬೆಂದ ಹುಳದ ವಾಸನೆಯ ಜಗಲಿಯಲ್ಲಿ
ಯಾರು ಯಾರಿಗೆ ಬೆನ್ನು ಹಾಕಿದ್ದಾರೆಂದು ಅವಳಿಗೇನು ಗೊತ್ತು?
ಒಂದು ತುದಿ ಮುನಿರತ್ನಮ್ಮನಿಗೆ ಕೊಟ್ಟಳು,
ಇನ್ನೊಂದು ಅವಳ ಓರಗಿತ್ತಿ ಪಾಪಕ್ಕನಿಗೆ.
ನಲ್ಲಿ ಸರದಿಯ ಜಗಳ. ಮೂರು ವರ್ಷ ಮಾತಿಲ್ಲ.

ನಾವೆಲ್ಲ ಉಸಿರು ಹಿಡಿದೆವು; ಜಿಲ್ಲಕ್ಕ ನಗುತ್ತ ಎಣಿಸಿದಳು.
ಒಂದು, ಎರಡು...
ಒಗ್ಗರಣೆಯಲ್ಲಿ ಸಾಸಿವೆ ಸಿಡಿದಷ್ಟೇ ಸದ್ದು.
"ಇಷ್ಟೇನಾ?" ಎಂದ ಜಬೀವುಲ್ಲಾ.

ಉದುರಿದ್ದು ಒಂದು ಗುಂಡಿ, ಒಂದು ಚೀಟಿ, ಹಳದಿ ಕಾಗದದ ಕಿರೀಟ.
ಚೀಟಿಯ ಜೋಕು ಕನ್ನಡಕ್ಕೆ ಬರುವಷ್ಟರಲ್ಲಿ ಸತ್ತಿತ್ತು.
"ಅಲ್ಲೂ ಸಾಯುತ್ತೆ, ನಮ್ಮಪ್ಪ ಓದಿದರೆ" ಎಂದಳು.

ದೊಡ್ಡ ತುಂಡು ಯಾರ ಕೈಲೋ ಕಿರೀಟ ಅವರದು.
"ನನ್ನದೇ ದೊಡ್ಡದು" ಎಂದಳು ಪಾಪಕ್ಕ, ಗಾಳಿಗೆ.
"ನಿಂದು ಯಾವತ್ತೂ ದೊಡ್ಡದೇ, ಬಿಂದಿಗೆ ಸಮೇತ"
ಎಂದಳು ಮುನಿರತ್ನಮ್ಮ, ಅವಳಿಗೇ.
ಮೂರು ವರ್ಷದ ಮೊದಲ ಮಾತು.

ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿನಲ್ಲಿ ಜಬೀವುಲ್ಲಾ
ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದ,
ತಲೆಯ ಮೇಲೆ ಹಸಿರು ಕಿರೀಟ.
ತೆಗೆಯಲು ಮರೆತನಂತೆ.
ಯಾರೂ ನಂಬಲಿಲ್ಲ.