ವಸ್ತಿ ಗಾಡಿ

ಅಪ್ಪ ಎಡಗಡೆ ಕೂತಿದ್ದಾನೆ.
ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದವನು
ನಾನು ಲಾರಿ ದಾಟಿಸುವಾಗಲೆಲ್ಲ
ಬರೀ ಮ್ಯಾಟಿನ ಮೇಲೆ
ಇಲ್ಲದ ಬ್ರೇಕು ತುಳಿಯುತ್ತಾನೆ.

‘ನೋಡಿ ಹೊಡಿ’ ಅನ್ನುವುದಿಲ್ಲ. ಕೆಮ್ಮುತ್ತಾನೆ.
ಹುಬ್ಬಳ್ಳಿ ಬಿಟ್ಟು ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ಏಳು ಸಲ.

ಹಿಂದೆ ಅವ್ವ, ತೊಡೆಯ ಮೇಲೆ ಬುತ್ತಿಗಂಟು,
ಕಿಟಕಿಗೆ ಮೂಗು ಒತ್ತಿದ ನನ್ನ ಮಗ,
ಇಬ್ಬರ ನಡುವೆ ಜಾಗ ಹಿಡಿದು ಕೂತ
ಒಂದು ಹಳೇ ಜಗಳ.

ಜಗಳದ ಹೆಸರು ಅತ್ತಿಕೊಳ್ಳ.

ಗದಗ ಡಿಪೋದ ವಸ್ತಿ ಗಾಡಿ.
ಸಂಜೆ ಪೌಣೆ ಆರಕ್ಕೆ ಬಿಟ್ಟು
ಕಪ್ಪತಗುಡ್ಡದ ಸಂದಿ ಹೊಕ್ಕು ಅಲ್ಲೇ ಮಲಗಿ
ನಸುಕಿಗೆ ಹಾಲಿನ ಕ್ಯಾನು, ಕಾಲೇಜು ಹುಡುಗರು,
ದಿನ ತುಂಬಿದ ಬಸುರಿಯರನ್ನು ಹೇರಿಕೊಂಡು ಬರುವುದು.
ಹನ್ನೊಂದು ವರ್ಷ, ದಿನ ಬಿಟ್ಟು ದಿನ.

‘ನಿಮ್ಮಪ್ಪಗ ಎರಡು ಊರವ್ವಾ’ ಅನ್ನುತ್ತಿದ್ದಳು ಅವ್ವ
ರೊಟ್ಟಿ ಬಡಿಯುತ್ತ. ಬಡಿತ ಜೋರಾಗುತ್ತಿತ್ತು.
ನನಗೆ ಜ್ವರ ಏರಿದ ರಾತ್ರಿ,
ಮಾಳಿಗೆ ಸೋರಿದ ರಾತ್ರಿ,
ತಮ್ಮ ಹುಟ್ಟಿ ಉಳಿಯದ ರಾತ್ರಿ
ಅಪ್ಪ ಅಲ್ಲಿದ್ದ,
ಬಸ್ಸಿನ ಕೊನೆಯ ಉದ್ದ ಸೀಟಿನಲ್ಲಿ.

ಕಣ್ಣಿನ ಪೊರೆ ತೆಗೆಸಿದ ಎಂಟನೇ ದಿನ ಅವ್ವ ಅಂದಳು:
‘ಕಣ್ಣು ಹೊಸಾವು ಆಗ್ಯಾವು.
ಮೊದಲ ಅದನ್ನ ನೋಡೂಣು.’

ಡಂಬಳ ದಾಟಿತು. ಕರಿಮಣ್ಣು ಮುಗಿದು
ನೆಲ ಇದ್ದಕ್ಕಿದ್ದಂತೆ ಕೆಂಪಾಯಿತು.
ಗುಡ್ಡದ ನೆತ್ತಿಯ ಗಾಳಿಫ್ಯಾನು ಎಣಿಸುತ್ತ ಮಗ
ನಲವತ್ತಕ್ಕೆ ನಿದ್ದೆ ಹೋದ.
ಮೊಬೈಲಿನ ನಕಾಶೆಯಲ್ಲಿ ರಸ್ತೆ ಅಳಿಸಿ
ನಮ್ಮ ನೀಲಿ ಚುಕ್ಕಿಯೊಂದೇ ಉಳಿಯಿತು.
ಆಗ ಅಪ್ಪ ಬಾಯಿ ಬಿಟ್ಟ:
‘ಇದು ಎಮ್ಮಿ ತಿರುವು. ಸೆಕೆಂಡಿಗೆ ಹಾಕು.’
‘ಮುಂದ ಕಲ್ಲು ಬರ್ತೈತಿ, ಬಲಕ್ಕ ಸರಿ.’
ಕಲ್ಲು ಬಂತು.
ಕೆಮ್ಮು ನಿಂತಿತ್ತು.

ಕೊಳ್ಳದಲ್ಲಿ ಹತ್ತಿಪ್ಪತ್ತು ಮನೆ, ಒಂದು ಹುಣಸೆಮರ.
ಬಸ್ಸು ನಿಂತು ಎಷ್ಟೋ ವರ್ಷವಾಗಿದೆ, ಈಗ ಟಂಟಂ ಬರುತ್ತದೆ.
ಮರದ ಕೆಳಗಿನ ಕೊಂಬೆಗಳು ಮಾತ್ರ
ಇನ್ನೂ ಬಸ್ಸಿನ ಎತ್ತರ ಬಿಟ್ಟೇ ಬೆಳೆದಿವೆ.

ಯಾರಿಗೂ ಗುರುತು ಸಿಗಲಿಲ್ಲ.
ಮೇವಿನ ಹೊರೆ ಹೊತ್ತ ಹೆಂಗಸು ನಿಂತಳು:
‘ಯಾರ ಮನೀಗೆ ಬಂದೀರಿ?’
ಅಪ್ಪ ಉತ್ತರ ಕೊಡಲಿಲ್ಲ.
ಕಿಟಕಿಯೊಳಗೆ ಕೈ ತೂರಿಸಿ ಹಾರ್ನ್ ಒತ್ತಿದ,
ಎರಡು ಗಿಡ್ಡ, ಒಂದು ಉದ್ದ.

ಹೊರೆ ಕೆಳಗೆ ಬಿತ್ತು.
‘ಅಯ್ಯ ನಮ್ಮಪ್ಪಾ! ಫಕ್ಕೀರಪ್ಪ ಡ್ರೈವರ್ರು!’
ಮನೆಗಳಿಂದ ಮಂದಿ ಬಂದರು. ಬಂದವರು
ಅವನನ್ನು ದಾಟಿ ಅವ್ವನ ಸುತ್ತ ನೆರೆದರು:
‘ಶೇಂಗಾ ಹಿಂಡಿ ಅಕ್ಕಾರಲ್ಲೇನ್ರಿ ನೀವು?’

ಅವ್ವ ನನ್ನ ಮುಖ ನೋಡಿದಳು.

‘ನಿಮ್ಮ ಡಬ್ಬಿ ತೊಳದಾಕಿ ನಾನ’ ಅಂದಳು ಹೊನ್ನವ್ವ.
‘ಹಿಂಡಿ ನಮಗ ಕೊಟ್ಟು ನಮ್ಮ ನುಚ್ಚು ತಾವು ಉಣ್ಣೋರು.
ಒಂದ್ಸಲ ಡಬ್ಬಿನ ಬರಲಿಲ್ಲ.
ಕೇಳಿದ್ರ ಹೇಳಲಿಲ್ಲ.
ಆ ರಾತ್ರಿ ಮಲಗಲೂ ಇಲ್ಲಕ್ಕಾ,
ನಿಂತ ಗಾಡ್ಯಾಗ ಸ್ಟೇರಿಂಗ್ ಹಿಡಕೊಂಡು
ಬೆಳತನಕ ಕುಂತಿದ್ರು.’

ಅವ್ವ ಏನೂ ಅನ್ನಲಿಲ್ಲ.
ಗಂಟು ಬಿಚ್ಚಿದಳು. ಗಂಟು ಬಿಗಿಯಾಗಿತ್ತು,
ಹಲ್ಲು ಹಚ್ಚಬೇಕಾಯಿತು.
ಚಾಚಿದ ಕೈಗಳಿಗೆಲ್ಲ ಚಿಟಿಕೆ ಚಿಟಿಕೆ ಹಿಂಡಿ ಇಟ್ಟಳು.
ಕೊನೆಗೆ ಅಪ್ಪನೂ ಕೈ ಒಡ್ಡಿದ.

ಮರಳುವಾಗ ಅವಳು ಮುಂದೆ ಬಂದು ಕೂತಳು.
ಎಮ್ಮಿ ತಿರುವಿಗೆ ಯಾರೂ ಹೇಳದೆ ನಾನು ಸೆಕೆಂಡಿಗೆ ಹಾಕಿದೆ.
ಹಿಂದೆ ಅಪ್ಪ ಕಾಲು ಮಡಚಿ, ಮೊಮ್ಮಗನ ತೊಡೆಗೆ ತಲೆ ಇಟ್ಟು
ಬಾಯಿ ತೆರೆದು ನಿದ್ದೆ ಹೋಗಿದ್ದ.
ಅವ್ವ ಹೊರಳಿ ನೋಡಿದಳು
ಹೊಸ ಕಣ್ಣಿನಿಂದ, ಬಹಳ ಹೊತ್ತು.

‘ಹಿಂಗ ಏನು ಮಲಗತಿದ್ದದ್ದು’ ಅಂದಳು,
‘ಕುತಗಿ ಹಿಡೀತಿರಬೇಕು.’